ನೂರಕ್ಕೇ ನಿಲ್ಲಿಸಬೇಕಿತ್ತು

ದೊಡ್ಡಬಳ್ಳಾಪುರದ ಬ್ಯಾಡ್ಮಿಂಟನ್ ಹಾಲಿನ ಮರದ ನೆಲ ಉಜ್ಜಿಕೊಡಬೇಕು ಎಂದು ಫೋನಿನಲ್ಲಿ ಕೇಳಿದ ದನಿ ಪದ್ಮಶ್ರೀಯದು ಎಂದು ರವಿಚಂದ್ರನಿಗೆ ಕೂಡಲೇ ಗೊತ್ತಾಗಿತ್ತು. ಆಗಲ್ಲ ಎನ್ನಲು ಬಾಯಿ ತೆರೆದವನು ಸೋಮವಾರ ಬರ್ತೀನಿ ಎಂದುಬಿಟ್ಟ. ಪ್ರೀತಿಸುವವನ ಬಾಯಿ ಎಂದಾದರೂ ಅವನ ಮಾತು ಕೇಳಿದ್ದುಂಟೇ?

ಮೂರು ವರ್ಷದ ಹಿಂದೆ ಅದೇ ನೆಲ ಉಜ್ಜಿದವನು ಅವನೇ. ಆಗ ಚಿಕ್ಕಪ್ಪ ಕೊಂಡಪ್ಪನ ಕೈಕೆಳಗೆ ಕೆಲಸ. ಮುಖಕ್ಕೆ ಮಾಸ್ಕು, ತಲೆತುಂಬ ಮರದ ಹುಡಿ. ಟೂರ್ನಮೆಂಟುಗಳಲ್ಲಿ ಹೆಸರು ಮಾಡುತ್ತಿದ್ದ ಪದ್ಮಶ್ರೀ ಬಾಗಿಲಲ್ಲಿ ಇಣುಕಿ, ನೆಲದಲ್ಲಿ ಮುಖ ಕಾಣಬೇಕು ಎಂದು ನಕ್ಕು ಹೋಗಿದ್ದಳು. ಅಷ್ಟೇ ಸಾಕಾಯಿತು. ಉಜ್ಜುವ ಮಶೀನಿಗೆ ಹಾಕುವ ಮರಳುಕಾಗದದ ಬೆಲ್ಟಿನ ನಂಬರು ಏರಿದಷ್ಟೂ ನೆಲ ನುಣುಪು. ನೂರನೇ ನಂಬರಿನ ಬೆಲ್ಟಿಗೆ ನಿಲ್ಲಿಸು ಎಂದು ಚಿಕ್ಕಪ್ಪ ಊಟಕ್ಕೆ ಹೋದ ಮೇಲೆ ಇವನು ಕದ್ದು ಇನ್ನೂರಿಪ್ಪತ್ತರ ನಯವಾದ ಬೆಲ್ಟು ಹಾಕಿ ಇಡೀ ಅಂಕಣ ಉಜ್ಜಿದ. ನೆಲ ಕನ್ನಡಿಯಾಯಿತು. ಆದರೆ ಅಷ್ಟು ನುಣುಪಾದ ಮರಕ್ಕೆ ಪಾಲಿಶ್ ಕಚ್ಚಿಕೊಳ್ಳುವುದಿಲ್ಲ. ಐದೇ ತಿಂಗಳಲ್ಲಿ ಪಾಲಿಶಿನ ಪೊರೆ ಎದ್ದಿತು. ಅದರ ಮೇಲೆ ಜಾರಿ ಬಿದ್ದ ಪದ್ಮಶ್ರೀಯ ಮಂಡಿಯ ಲಿಗಮೆಂಟು ಹರಿಯಿತು. ಆಪರೇಷನ್ ಆಯಿತು, ಆಟ ನಿಂತಿತು. ಈಗ ಅವಳು ಅದೇ ಹಾಲಿನ ಕೋಚ್.

ಈ ಗುಟ್ಟು ರವಿಚಂದ್ರನೊಬ್ಬನಿಗೇ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಎರಡೂವರೆ ವರ್ಷ ಕಳೆದಿದ್ದ. ಹೇಳಿದರೆ ಅವಳು ತನ್ನ ಮುಖ ನೋಡಲಾರಳು, ಹೇಳದಿದ್ದರೆ ತಾನು ಅವಳ ಮುಖ ನೋಡಲಾರೆ ಎಂಬುದು ಅವನ ಸಂಕಟ.

ಸೋಮವಾರ ಬೆಳಿಗ್ಗೆ ಅವನು ಅಂಗೈಯಿಂದ ಹಲಗೆಗಳನ್ನು ಸವರುತ್ತಾ ಎದ್ದ ಮೊಳೆ ಹುಡುಕುತ್ತಿದ್ದಾಗ ಅವಳು ಬಂದಳು. ಎಡಗಾಲು ಊರುವಾಗ ಚೂರೇ ಚೂರು ತಡೆದು ಊರುತ್ತಿದ್ದಳು. ನೆಲಕ್ಕೆ ಆಶೀರ್ವಾದ ಮಾಡ್ತಿದೀರಾ ಎಂದು ರೇಗಿಸಿದಳು. ಅವನು ನಗಲು ನೋಡಿದ, ನಗು ಬರಲಿಲ್ಲ.

ವೈರು ಉಜ್ಜುವ ಮಶೀನಿನ ಅಡಿಗೆ ಸಿಗದಂತೆ ಹಿಡಿಯಲು ಒಬ್ಬರು ಬೇಕಿತ್ತು. ನಾನೇ ಹಿಡೀತೀನಿ ಎಂದು ಅವಳು ವೈರನ್ನು ಹೆಗಲಿಗೆ ಹಾಕಿಕೊಂಡಳು. ಅವನು ಮಶೀನನ್ನು ಹಿಂದಕ್ಕೆ ಒರಗಿಸಿ, ಬೆಲ್ಟಿನ ಒಳಮೈಯ ಬಾಣದ ಗುರುತು ಅದನ್ನು ಓಡಿಸುವ ಉರುಳೆ ತಿರುಗುವ ದಿಕ್ಕಿಗೇ ಇದೆಯೇ ಎಂದು ಎರಡೆರಡು ಸಲ ನೋಡಿದ. ಬೆಲ್ಟು ಬಿಗಿಮಾಡಿ, ಅದು ನಡುವೆ ಓಡುವಂತೆ ತಿರುಪು ಹೊಂದಿಸಿದ. ಉರುಳೆ ಎತ್ತಿಟ್ಟುಕೊಂಡೇ ಸ್ವಿಚ್ ಹಾಕಬೇಕು, ನಡೆಯುತ್ತಲೇ ಇಳಿಸಬೇಕು, ನಿಂತಲ್ಲಿ ನಿಂತರೆ ನೆಲ ಗುಳಿ ಬೀಳುತ್ತದೆ ಎಂದೆಲ್ಲ ಅವಳಿಗೆ ವಿವರಿಸಿದ.

ಮೂಲೆಯಲ್ಲಿ ಬೆಲ್ಟುಗಳನ್ನು ಸಾಲಾಗಿ ಇಟ್ಟಿದ್ದ. ನಲವತ್ತು, ಅರವತ್ತು, ಎಂಬತ್ತು, ನೂರು. ಬಾಗಿಲು ಪಾಲಿಶಿಗೆಂದು ತಂದಿದ್ದ ಇನ್ನೂರಿಪ್ಪತ್ತರದ್ದೊಂದು ಚೀಲದಲ್ಲೇ ಉಳಿದಿತ್ತು. ಅವಳು ಎಲ್ಲವನ್ನೂ ಬೆರಳಿನಿಂದ ಮುಟ್ಟುತ್ತಾ ಬಂದು ಚೀಲದಿಂದ ಅದನ್ನೇ ಎಳೆದು ಕೆನ್ನೆಗೆ ಒತ್ತಿಕೊಂಡಳು.

"ಇದು ಎಷ್ಟು ನೈಸಾಗಿದೆ. ಕೊನೇಲಿ ಇದನ್ನ ಹಾಕ್ರಿ."

"ಬೇಡ." ಅವನು ಬೆಲ್ಟನ್ನು ಅವಳ ಕೈಯಿಂದ ಕಿತ್ತೇಬಿಟ್ಟ.

ಅವಳು ಬೆಚ್ಚಿ ನೋಡಿದಳು. ಪಾಲಿಶ್ ಹಿಡಿಯಲ್ಲ ಮೇಡಂ ಎಂದು ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ಅದೂ ಸುಳ್ಳಲ್ಲ. ಆದರೆ ಆ ಕಣ್ಣುಗಳು ಕೆದಕುತ್ತಿದ್ದವು, ಅವನ ಹೆದರಿಕೆಗೂ ಸಾಕಾಗಿ ಹೋಗಿತ್ತು.

"ಹೋದ ಸಲ ಇದನ್ನ ಹಾಕಿದ್ದು ನಾನೇ," ಎಂದ. "ನೀವು ಬಿದ್ದಿದ್ದು ನನ್ನಿಂದ."

ಒಂದನ್ನೂ ಬಿಡದೆ ಹೇಳಿದ. ಅವಳ ನಗು, ಚಿಕ್ಕಪ್ಪನ ಊಟ, ಅವಳನ್ನು ಮೆಚ್ಚಿಸುವ ಹುಚ್ಚು. ಅಂದಿನಿಂದ ಇಂದಿನವರೆಗೆ ಬೇರೆ ಯಾರನ್ನೂ ಕಣ್ಣೆತ್ತಿ ನೋಡಿಲ್ಲ ಎಂಬುದೂ ಬಾಯಿಂದ ಬಂದುಬಿಟ್ಟಿತು. ಪದ್ಮಶ್ರೀ ವೈರನ್ನು ಹೆಗಲಿನಿಂದ ಇಳಿಸಿ ಹೊರಗೆ ನಡೆದಳು.

ಇನ್ನು ಮುಗಿಯಿತು ಎಂದು ಅವನು ಸಾಮಾನು ಕಟ್ಟತೊಡಗಿದ. ಅರ್ಧ ಗಂಟೆಯ ಮೇಲೆ ಅವಳು ಮುಖ ತೊಳೆದುಕೊಂಡು ಬಂದಳು, ಕಣ್ಣು ಕೆಂಪಾಗಿತ್ತು. ಅರ್ಧಕ್ಕೆ ಬಿಟ್ಟು ಹೋಗಬೇಡಿ ಎಂದಷ್ಟೇ ಹೇಳಿ ವೈರು ಎತ್ತಿಕೊಂಡಳು.

ಮೂರು ದಿನ ವೈರು ಹಿಡಿದು ಅವನ ಬೆನ್ನ ಹಿಂದೆಯೇ ನಡೆದಳು. ಮಶೀನಿನ ಸದ್ದಿನಲ್ಲಿ ಅವಳ ಹೆಜ್ಜೆ ಕೇಳದೆ ಹೋದಾಗಲೆಲ್ಲ ಹೋಗಿಯೇಬಿಟ್ಟಳು ಎಂದು ಅವನು ತಿರುಗಿ ನೋಡುತ್ತಿದ್ದ. ನೂರಕ್ಕೆ ನಿಲ್ಲಿಸಿದ. ಹುಡಿ ಎಲ್ಲ ತೆಗೆದು, ಪಾಲಿಶ್ ಬಳಿದು, ಹಾಲಿಗೆ ಬೀಗ ಹಾಕಿ ತನ್ನೂರು ಆವತಿಯ ಮನೆಗೆ ಹೋದ.

ಎಂಟನೇ ದಿನ ಅವಳ ಫೋನು ಬಂತು. ಹೋಗಿ ನೋಡಿದರೆ ಆಟದ ಶೂ ಹಾಕಿಕೊಂಡು ಅಂಕಣದ ನಡುವೆ ನಿಂತಿದ್ದಾಳೆ. ಆಪರೇಷನ್ ಆದ ಮೇಲೆ ಒಂದು ಸಲವೂ ಜಿಗಿದಿರಲಿಲ್ಲ. ಜಿಗಿಯಬಹುದು ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು, ಧೈರ್ಯ ಬಂದಿರಲಿಲ್ಲ.

"ನಿಮ್ಮ ಮೇಲೆ ಕೋಪ ಇನ್ನೂ ಇದೆ," ಎಂದಳು. "ಆದ್ರೆ ನೆಲದಲ್ಲಿ ಮುಖ ಕಾಣ್ಬೇಕು ಅಂತ ಕೇಳಿದ್ದು ನಾನೇ ಅಲ್ವಾ. ನಾನು ತಪ್ಪು ಕೇಳಿದ್ರೆ ತಪ್ಪು ಅಂತ ಹೇಳೋರು ಬೇಕು ನಂಗೆ. ನಿಮ್ಮ ಕೈಲಿ ಆಗುತ್ತಾ?"

"ಆಗುತ್ತೆ."

"ಜನ್ಮ ಪೂರ್ತಿ?"

ಅವನು ಹೌದೆಂದು ತಲೆಯಾಡಿಸಿದ.

"ಹಾಗಾದ್ರೆ ಈಗ ಜಿಗೀಬೇಕು ಅಂತಿದೀನಿ. ಹೇಳ್ರಿ, ಜಿಗೀಲಾ ಬೇಡ್ವಾ?"

ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ರವಿಚಂದ್ರ ಬಗ್ಗಿ ಅವಳ ಕಾಲ ಸುತ್ತಲ ನೆಲವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಎಳೆದು ನೋಡಿದ. ಕೈ ಜಾರಲಿಲ್ಲ. ಎದ್ದು ಎರಡು ಹೆಜ್ಜೆ ಹಿಂದೆ ಸರಿದ.

"ಜಿಗೀರಿ," ಎಂದ.

ಅವಳು ಕಣ್ಣು ಮುಚ್ಚಿ ಜಿಗಿದಳು. ಅವನು ಕಣ್ಣು ಮುಚ್ಚಲಿಲ್ಲ. ಎರಡೂ ಪಾದ ನೆಲಕ್ಕೆ ಬಿದ್ದವು, ಬಿದ್ದಲ್ಲೇ ನಿಂತವು. ಅವಳು ಕೈ ಚಾಚಿದಾಗ ಅವನು ಹಿಡಿದುಕೊಂಡ.