ಹೋತವಾದ ಓಲೆಭಂಡಾರಿ

ಬಹಳ ಬಹಳ ಹಿಂದೆ, ಕಲ್ಲಿನ ಕುದುರೆಗಳು ಕೂಡ ಬೇಕೆಂದಾಗ ಮೈ ಕೊಡವಿ ಏಳುತ್ತಿದ್ದ ಕಾಲದಲ್ಲಿ, ಏಳುಕೊತ್ತಲ ಎಂಬ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಮುದ್ದರಸ. ಒಳ್ಳೆಯವನು, ಆದರೆ ಭಾರೀ ಪುಕ್ಕಲ. ಅವನ ಅರಮನೆಯಲ್ಲಿ ಆಗ ಮಂತ್ರಿ ಹುಂಜವಾಗಿದ್ದ, ಸೇನಾಪತಿ ಎಮ್ಮೆಯಾಗಿದ್ದ, ಆಸ್ಥಾನದ ಸಂಗೀತಗಾರ ಕಪ್ಪೆಯಾಗಿ ಕೊಳದಲ್ಲಿ ಕೂತು ಮೊದಲಿಗಿಂತ ಚೆನ್ನಾಗಿಯೇ ಹಾಡುತ್ತಿದ್ದ. ರಾಜ ಮಾತ್ರ ಇನ್ನೂ ಮನುಷ್ಯನಾಗಿ ಉಳಿದಿದ್ದ, ಯಾಕೆಂದರೆ ಅವನು ಕಣಜದೊಳಗೆ ಅಡಗಿ ಕೂತಿದ್ದ.

ಇದೆಲ್ಲ ಜಟಿಲಾಕ್ಷನೆಂಬ ಮಂತ್ರವಾದಿಯ ಕೆಲಸ. ಇನ್ನೂರು ವರ್ಷದ ಹಿಂದೆ ಇವನು ಇದೇ ರಾಜ್ಯಕ್ಕೆ ಬಂದು ಇದೇ ಹಾವಳಿ ಮಾಡಿದ್ದ. ಆಗಿನ ರಾಣಿ ಕಂಚಲದೇವಿ ಒಂದು ಗಂಟೆ ಎರಕ ಹೊಯ್ಯಿಸಿದಳು. ಅದನ್ನು ಬಾರಿಸಿದರೆ ಅವನು ಹಾಕಿದ ಮಾಟವೆಲ್ಲ ಬಿಚ್ಚಿ ಹೋಗುತ್ತಿತ್ತು. ಒಂದೇ ಏಟಿಗೆ ಜಟಿಲಾಕ್ಷ ಬಾಲ ಮುದುರಿಕೊಂಡು ಓಡಿದ್ದ. ಅವನು ಮತ್ತೆ ಬಂದು ಗಂಟೆಯನ್ನು ಕದ್ದು ಕರಗಿಸಿಯಾನು ಎಂದು ರಾಣಿ ಅದನ್ನು ಎಲ್ಲೋ ಬಚ್ಚಿಟ್ಟು, ಇಟ್ಟ ಜಾಗವನ್ನು ಗುಪ್ತಬರಹಗಳಲ್ಲಿ ಅಡಗಿಸಿಟ್ಟಿದ್ದಳು. ಕಾಲ ಕಳೆಯಿತು, ಎಲ್ಲರೂ ಮರೆತರು.

ಅದನ್ನು ಮತ್ತೆ ಬೆಳಕಿಗೆ ತಂದವನು ಸಂಕಣ್ಣಯ್ಯ. ಅವನು ಅರಮನೆಯ ಓಲೆಭಂಡಾರಿ, ಅಂದರೆ ರಾಜ್ಯದ ತಾಳೆಗರಿಗಳನ್ನೆಲ್ಲ ಕಾಯುವವನು. ಹಳೆಯ ಓಲೆಯೊಂದರಲ್ಲಿ ಗಂಟೆಯ ಸಂಗತಿ ಓದಿ, ತಡೆಯಲಾರದೆ ತುಂಬಿದ ಸಭೆಯಲ್ಲಿ ಹೇಳಿಬಿಟ್ಟ. ಓದಿದವರಿಗೆ ಇದೊಂದು ಚಟ. ಕಂಬದ ಮೇಲೆ ಕಾಗೆಯಾಗಿ ಕೂತಿದ್ದ ಜಟಿಲಾಕ್ಷ ಕೆಳಗಿಳಿದು, ಸಂಕಣ್ಣಯ್ಯನ ತಲೆಯ ಮೇಲೆ ಒಂದು ಚಿಟಿಕೆ ಬೂದಿ ಉದುರಿಸಿದ. ಗಡ್ಡವೊಂದನ್ನು ಬಿಟ್ಟು ಸಂಕಣ್ಣಯ್ಯನದೆಲ್ಲ ಬದಲಾಯಿತು. ಅವನು ಹೋತವಾದ.

ಸಂಕಣ್ಣಯ್ಯನ ಮಗಳು ನಾಗಲೆ. ತಾಯಿಯಿಲ್ಲದ ಹುಡುಗಿ, ತಾಳೆಗರಿಗಳ ನಡುವೆ ಬೆಳೆದವಳು. ಮಂತ್ರವಾದಿ ಅವಳನ್ನು ಕರೆದು ಹೇಳಿದ:

"ಇಂದಿಗೆ ಒಂಬತ್ತನೆಯ ದಿನ ಸೂರ್ಯ ಮುಳುಗಿದರೆ ನಿನ್ನ ಅಪ್ಪ ತಾನು ಮನುಷ್ಯನಾಗಿದ್ದುದನ್ನೇ ಮರೆಯುತ್ತಾನೆ. ಆಮೇಲೆ ಯಾವ ಗಂಟೆಯೂ ಅವನನ್ನು ತಿರುಗಿ ತರಲಾರದು. ಅಷ್ಟರೊಳಗೆ ಗಂಟೆ ಹುಡುಕಿ ನನ್ನ ಕೈಗೆ ಕೊಡು."

ನಾಗಲೆ ಹೂಂ ಎಂದಳು. ಕೊಡುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ.

ಅರಮನೆಯ ಮೆಟ್ಟಿಲ ಮೇಲೆ ಕೂತು ಅವಳು ಅಳುತ್ತಿದ್ದಾಗ ಹೋತವು ಯಾರದೋ ಬುತ್ತಿಯನ್ನು ಬಟ್ಟೆಸಮೇತ ತಿಂದುಹಾಕಿತು. ಬುತ್ತಿ ಬೊಮ್ಮಣನದು. ಅವನು ಕಲ್ಲುಕುಟಿಗ, ಒಡೆದ ಮೆಟ್ಟಿಲು ಸರಿಮಾಡಲು ಬಂದವನು. ಬೈಯಲು ಬಾಯಿ ತೆರೆದವನು ಅವಳ ಮುಖ ನೋಡಿ ಏನಾಯಿತೆಂದು ಕೇಳಿದ. ಕತೆಯೆಲ್ಲ ಕೇಳಿ, ಹೇಗೂ ಊಟ ಹೋಯಿತು, ಕೆಲಸವೂ ಹೋಗಲಿ, ನಾನೂ ಹುಡುಕುತ್ತೇನೆ ಎಂದ. ತನಗೆ ಅಕ್ಷರ ಕೆತ್ತಲು ಬರುತ್ತದೆ, ಓದಲು ಬರುವುದಿಲ್ಲ ಎಂದೂ ಹೇಳಿದ. ತನಗೆ ಓದಲು ಬರುತ್ತದೆ, ಊರ ಬಾಗಿಲು ದಾಟಿ ಗೊತ್ತಿಲ್ಲ ಎಂದು ಅವಳು ಹೇಳಿದಳು. ಹೀಗೆ ಇಬ್ಬರೂ ಸೇರಿದರು.

ಮೊದಲ ಗುಪ್ತಬರಹ ಎಲ್ಲರ ಕಣ್ಣೆದುರಿಗೇ ಇತ್ತು. ಕಂಚಲದೇವಿಯ ಹಳೆಯ ಹಜಾರದ ನೆಲಕ್ಕೆ ಅರವತ್ನಾಲ್ಕು ಚಪ್ಪಡಿ, ಒಂದೊಂದರ ಮೇಲೆ ಒಂದೊಂದು ಅಕ್ಷರ. ನಡುವೆ ಒಂದು ಕಲ್ಲಿನ ಕುದುರೆ. ಅಕ್ಷರಗಳನ್ನು ಸಾಲಾಗಿ ಓದಿದರೆ ಮಗುವಿನ ತೊದಲು ಮಾತಿನಂತೆ ಕೇಳುತ್ತಿತ್ತು. ತಪ್ಪು ಚಪ್ಪಡಿಯ ಮೇಲೆ ಕಾಲಿಟ್ಟರೆ ಕುದುರೆಗೆ ಜೀವ ಬಂದು, ಹಿಂಗಾಲಿನಿಂದ ಒದ್ದು ಕಿಟಕಿಯಾಚೆಯ ಕೊಳಕ್ಕೆ ಎಸೆಯುತ್ತಿತ್ತು. ಬೊಮ್ಮಣ ಮೊದಲ ದಿನ ಮೂರು ಸಲ ಕೊಳಕ್ಕೆ ಬಿದ್ದ. ಮೂರನೆಯ ಸಲ ಸಂಗೀತಗಾರ ಕಪ್ಪೆ ಹಾಡು ನಿಲ್ಲಿಸಿ ಅವನನ್ನು ಗುರಾಯಿಸಿತು.

ನೆಲವನ್ನು ತಿಳಿಯಬೇಕಾದರೆ ಅದನ್ನು ಹಾಸಿಸಿದವಳನ್ನು ತಿಳಿಯಬೇಕು ಎಂದು ನಾಗಲೆಗೆ ತೋಚಿತು. ಎರಡು ದಿನ ಕೂತು ಆ ಕಾಲದ ಪತ್ರವ್ಯವಹಾರದ ಓಲೆಗಳನ್ನೆಲ್ಲ ಬಿಚ್ಚಿದಳು. ಒಂದರಲ್ಲಿ ಕಂಚಲದೇವಿಯ ಗಂಡ ತನ್ನ ಭಾವಮೈದುನನಿಗೆ ದೂರು ಬರೆದಿದ್ದ: ನಿನ್ನ ಅಕ್ಕ ದಿನಾ ಸಂಜೆ ಚದುರಂಗದಲ್ಲಿ ತನ್ನ ಕುದುರೆಯಿಂದ ನನ್ನ ಮಂತ್ರಿಯನ್ನು ಹೊಡೆಯುತ್ತಾಳೆ, ಸೋತೆ ಎಂದು ಒಪ್ಪುವವರೆಗೆ ಊಟ ಬಡಿಸುವುದಿಲ್ಲ.

ನಾಗಲೆ ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿಯುವುದರೊಳಗೆ ಅವಳಿಗೆ ಹೊಳೆಯಿತು. ಅರವತ್ನಾಲ್ಕು ಚಪ್ಪಡಿ ಎಂದರೆ ಚದುರಂಗದ ಅರವತ್ನಾಲ್ಕು ಮನೆ. ಅಕ್ಷರಗಳನ್ನು ಕುದುರೆಯ ನಡೆಯಲ್ಲಿ ಓದಬೇಕು, ಎರಡು ಮನೆ ನೆಟ್ಟಗೆ, ಒಂದು ಮನೆ ಪಕ್ಕಕ್ಕೆ. ಆದರೆ ಯಾವ ಮನೆಯಿಂದ ಹೊರಡುವುದು? ಅದನ್ನು ಬೊಮ್ಮಣ ಹೇಳಿದ. ಹೊಸ್ತಿಲ ಬಳಿಯ ಮೂಲೆಯಲ್ಲಿ ಒಂದು ಚಪ್ಪಡಿಯ ಅಂಚು ಮಾತ್ರ ಸವೆದು ನುಣುಪಾಗಿತ್ತು. ರಾಣಿ ಎಷ್ಟೋ ಸಲ ಅಲ್ಲಿಂದಲೇ ನಡೆದು ನೋಡಿರಬೇಕು ಎಂದ. ನಾಗಲೆ ಅಲ್ಲಿ ಕಾಲಿಟ್ಟಳು, ಕುದುರೆ ಸುಮ್ಮನಿತ್ತು. ಎರಡು ನೆಟ್ಟಗೆ, ಒಂದು ಪಕ್ಕಕ್ಕೆ, ಹಲವು ದಾರಿ ಕಂಡಲ್ಲಿ ಮಾತು ಕೂಡುವ ಅಕ್ಷರದ ಕಡೆಗೆ. ಕುದುರೆ ಸುಮ್ಮನಿತ್ತು. ಅರವತ್ನಾಲ್ಕನೆಯ ಚಪ್ಪಡಿ ಮುಟ್ಟಿದಾಗ ಕುದುರೆ ತಲೆ ಬಾಗಿಸಿತು, ಬರಹವೂ ಪೂರ್ತಿಯಾಯಿತು. ಓಲೆಭಂಡಾರದಲ್ಲಿ ಕೆಂಪು ದಾರದ ತಿಂಗಳ ಕಟ್ಟು ಇದೆ, ಅದರ ಪ್ರತಿ ಗರಿಯಲ್ಲೂ ದಾರದ ತೂತಿನ ಪಕ್ಕದ ಅಕ್ಷರವನ್ನು ಕೂಡಿಸಿಕೋ ಎಂದಿತ್ತು.

ತಿಂಗಳ ಕಟ್ಟು ನಾಗಲೆಗೆ ಚೆನ್ನಾಗಿ ಗೊತ್ತು. ವರ್ಷದ ಹನ್ನೆರಡು ತಿಂಗಳ ವರ್ಣನೆ, ತಿಂಗಳಿಗೆ ಎರಡರಂತೆ ಇಪ್ಪತ್ನಾಲ್ಕು ಗರಿ. ಇಪ್ಪತ್ತು ವರ್ಷದ ಹಿಂದೆ ಸಂಕಣ್ಣಯ್ಯ ಆ ಕಟ್ಟು ಬಿಚ್ಚಿದಾಗ ಶ್ರಾವಣ ಮೊದಲಿತ್ತು, ಆಮೇಲೆ ಮಾಘ, ಆಮೇಲೆ ಜ್ಯೇಷ್ಠ. ಛೇ, ಯಾರೋ ಕಲಸಿಬಿಟ್ಟಿದ್ದಾರೆ ಎಂದು ಅವನು ಚೈತ್ರದಿಂದ ಫಾಲ್ಗುಣದವರೆಗೆ ನೀಟಾಗಿ ಜೋಡಿಸಿ, ಒಂದೊಂದು ಗರಿಗೂ ಸಂಖ್ಯೆ ಕೊರೆದಿದ್ದ. ಅದಕ್ಕಾಗಿ ಅವನಿಗೆ ಶಾಲು ಹೊದಿಸಿದ್ದರು. ಈಗ ತೂತಿನ ಪಕ್ಕದ ಅಕ್ಷರ ಕೂಡಿಸಿದರೆ ತಲೆಬುಡವಿಲ್ಲದ ಗದ್ದಲ. ರಾಣಿ ಬೇಕೆಂದೇ ಕಲಸಿಟ್ಟಿದ್ದಳು. ಭಂಡಾರಿಯಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪನ್ನು ಸಂಕಣ್ಣಯ್ಯ ಮಾಡಿದ್ದ. ಗುಟ್ಟನ್ನೇ ಅಚ್ಚುಕಟ್ಟು ಮಾಡಿ ಇಟ್ಟಿದ್ದ.

ಮೊದಲಿನ ಮೂರು ಗರಿಗಳು ಮಾತ್ರ ಅಪ್ಪ ಹೇಳಿ ಅವಳಿಗೆ ನೆನಪಿದ್ದವು. ಉಳಿದವನ್ನು ಅವನಿಂದಲೇ ಕೇಳೋಣವೆಂದರೆ ಅವನು ಹೋತ. ಆಗಲೇ ಐದನೆಯ ದಿನ. ಮೊದಲೆರಡು ದಿನ ಹೆಸರು ಕರೆದರೆ ತಲೆ ಎತ್ತುತ್ತಿದ್ದವನು ಈಗ ಕಿವಿಯನ್ನೂ ಆಡಿಸುತ್ತಿರಲಿಲ್ಲ. ತಾಳೆಗರಿ ಕಂಡರೆ ಮಾತ್ರ ಬಾಯಲ್ಲಿ ನೀರೂರುತ್ತಿತ್ತು. ಗರಿಯೊಂದರ ಅಂಚನ್ನು ಕಚ್ಚಿಯೂಬಿಟ್ಟ. ಪುಣ್ಯಕ್ಕೆ ಅಲ್ಲಿ ಬರಹವಿರಲಿಲ್ಲ.

ನಾಗಲೆ ಕಟ್ಟನ್ನು ಬಿಚ್ಚಿ, ಅಪ್ಪನ ಸಂಖ್ಯೆಗಳನ್ನು ಬಿಟ್ಟು ಗರಿಗಳನ್ನು ಬೇರೆ ಬೇರೆ ಹರಡಿದಳು. ಹೋತ ದಡಕ್ಕನೆ ಎದ್ದು ಬಂದು ಅವಳಿಗೆ ಹಾಯಿತು. ಮತ್ತೆ ಜೋಡಿಸಿದರೆ ಸುಮ್ಮನಾಗುತ್ತಿತ್ತು, ಮತ್ತೆ ಕಲಸಿದರೆ ಮತ್ತೆ ಹಾಯುತ್ತಿತ್ತು. ಮೂರು ಸಲ ಹಾಯಿಸಿಕೊಂಡ ಮೇಲೆ ನಾಗಲೆ ಅದರ ಕತ್ತನ್ನು ತಬ್ಬಿಕೊಂಡಳು. ಮಗಳನ್ನು ಮರೆತಿದ್ದಾನೆ, ತನ್ನ ಹೆಸರು ಮರೆತಿದ್ದಾನೆ, ಆದರೆ ತಾನು ಜೋಡಿಸಿದ್ದನ್ನು ಮರೆತಿಲ್ಲ. ಅವಳಿಗೆ ಸಂತೋಷವೂ ಆಯಿತು, ದುಃಖವೂ ಆಯಿತು.

"ತಪ್ಪು ತಿಳೀಬೇಡಿ ಅಪ್ಪಯ್ಯ," ಎಂದಳು. "ನೀವು ಜೋಡಿಸಿದ್ದು ಚೆನ್ನಾಗಿಯೇ ಇದೆ. ಆದರೆ ನಿಮ್ಮನ್ನ ವಾಪಸ್ ತರೋದಕ್ಕೆ ಅದನ್ನ ಕೆಡಿಸಲೇಬೇಕು."

ಬೊಮ್ಮಣ ಹೋತವನ್ನು ತೋಟದ ಕಡೆ ಎಳೆದುಕೊಂಡು ಹೋದ. ಎಳೆದನೋ ಎಳೆಸಿಕೊಂಡನೋ, ನೋಡಿದವರಿಗೆ ತಿಳಿಯಲಿಲ್ಲ.

ಒಬ್ಬಳೇ ಕೂತು ನೋಡುತ್ತಿದ್ದಾಗ ನಾಗಲೆಯ ಕಣ್ಣಿಗೆ ಹುಳು ಬಿತ್ತು. ಜೀವಂತ ಹುಳುವಲ್ಲ, ಅದು ಕೊರೆದ ತೂತು. ಅಪ್ಪ ಕಟ್ಟು ಬಿಚ್ಚುವ ಎಷ್ಟೋ ವರ್ಷ ಮೊದಲು ಯಾವುದೋ ಹುಳು ಕಟ್ಟಿನ ಈ ಬದಿಯಲ್ಲಿ ನುಗ್ಗಿ, ಓರೆಯಾಗಿ ಕೊರೆಯುತ್ತ ಆ ಬದಿಗೆ ಹೊರಬಂದಿತ್ತು. ಹಾಗಾಗಿ ಒಂದು ಗರಿಯಿಂದ ಇನ್ನೊಂದಕ್ಕೆ ತೂತು ಕೂದಲೆಳೆಯಷ್ಟು ಸರಿದಿತ್ತು. ರಾಣಿ ಜೋಡಿಸಿದ ಕ್ರಮ ಮನುಷ್ಯರಿಗೆ ಮರೆತುಹೋಗಿದ್ದರೂ ಹುಳು ಅದನ್ನು ಗುರುತು ಹಾಕಿ ಇಟ್ಟಿತ್ತು. ತೂತು ನೋಡಿ ನೋಡಿ ಗರಿ ಜೋಡಿಸಿದಳು. ತೋಟದಿಂದ ಬಂದ ಬೊಮ್ಮಣ ಕಟ್ಟನ್ನು ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದ. ಇಪ್ಪತ್ನಾಲ್ಕು ತೂತುಗಳೂ ಒಂದೇ ಗೆರೆಗೆ ಬಂದು, ದಾರದಷ್ಟು ಸಣ್ಣ ಬೆಳಕು ಈಚೆ ಇಳಿಯಿತು. ಆಗ ನಾಗಲೆ ಅಕ್ಷರಗಳನ್ನು ಕೂಡಿಸಿ ಗಟ್ಟಿಯಾಗಿ ಓದಿದಳು: ಹುಲಿ ಕೊಂದವನ ಕಲ್ಲು ಕಂಡು ಹಾದಿ ಹಿಡಿ ಮಗಳೆ, ಮೊದಲಿಂದ ಕೊನೆಗೆ.

ಕಿಟಕಿಯಾಚೆ ಕೂತಿದ್ದ ಕಾಗೆಯೂ ಅದನ್ನು ಕೇಳಿಸಿಕೊಂಡಿತು.

ಹುಲಿ ಕೊಂದವನ ವೀರಗಲ್ಲು ರಾಜ್ಯದ ಬಡಗಣ ಗಡಿಯಲ್ಲಿ, ಹೊಳೆಯ ದಂಡೆಯಲ್ಲಿದೆ ಎಂದು ಬೊಮ್ಮಣನಿಗೆ ಗೊತ್ತಿತ್ತು, ಅವನ ಅಜ್ಜಂದಿರೇ ಕೆತ್ತಿದ್ದು. ಮರುದಿನ ಬೆಳಗ್ಗೆ ಹೊರಟು ಮೂರೂವರೆ ದಿನ ನಡೆದರು, ಹೋತವನ್ನೂ ಹಗ್ಗ ಕಟ್ಟಿ ಕರೆದೊಯ್ದರು. ಒಂಬತ್ತನೆಯ ದಿನ ಮಧ್ಯಾಹ್ನ ತಿರುಗಿದ ಮೇಲೆ ಅಲ್ಲಿ ತಲುಪಿದರು. ಹೋತ ಆಗ ನಾಗಲೆಯನ್ನು ದಾರಿಹೋಕಳನ್ನು ನೋಡುವಂತೆ ನೋಡುತ್ತಿತ್ತು.

ವೀರಗಲ್ಲಿನಲ್ಲಿ ಮೂರು ಪಟ್ಟಿಕೆ. ಮೇಲಿನದರಲ್ಲಿ ಗುಡಿ, ಗುಡಿಯಲ್ಲಿ ವೀರ ಕೂತಿದ್ದಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಹೊಳೆ ದಾಟಿಸುತ್ತಿದ್ದಾರೆ. ಕೆಳಗಿನದರಲ್ಲಿ ಆಲದ ಮರ, ಮರದಡಿ ಹುಲಿಯೊಡನೆ ಅವನ ಕಾಳಗ. ಸುತ್ತ ನೋಡಿದರೆ ಮೂರೂ ಅಲ್ಲೇ ಇದ್ದವು. ಈಚೆ ದಂಡೆಯಲ್ಲಿ ದೊಡ್ಡ ಆಲ, ಎದುರಿಗೆ ಹೊಳೆ, ಆಚೆ ದಂಡೆಯ ಗುಡ್ಡದ ಮೇಲೆ ಪಾಳು ಗುಡಿ.

ಅಷ್ಟರಲ್ಲಿ ಕಾಗೆ ಕೆಳಗಿಳಿದು ಜಟಿಲಾಕ್ಷನಾಯಿತು. ಅವನು ಕಲ್ಲನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿದ. ಗುಡಿಯಿಂದ ಹೊರಟು, ಹೊಳೆ ದಾಟಿ, ಆಲದ ಮರಕ್ಕೆ ಬಾ, ಮೊದಲಿಂದ ಕೊನೆಗೆ, ಇಷ್ಟೇ ತಾನೆ ಎಂದು ಗಹಗಹಿಸಿದ. ತಾನು ಅರವತ್ನಾಲ್ಕು ವಿದ್ಯೆ ಓದಿದವನೆಂದು ಕೊಚ್ಚಿಕೊಂಡು ಬೊಮ್ಮಣನ ಕಡೆ ತಿರುಗಿದ.

"ನಿನಗೆ ಓದು ಬರುತ್ತೇನೋ?"

"ಇಲ್ಲ ಸ್ವಾಮಿ, ಬರಲ್ಲ," ಎಂದ ಬೊಮ್ಮಣ. ಅದು ನಿಜವೇ.

ಮಂತ್ರವಾದಿ ಆಲದ ಮರದ ಕಡೆ ಹಾರಿದ. ನಾಗಲೆ ಕಲ್ಲಿನ ಬುಡದಲ್ಲಿ ಕುಸಿದು ಕೂತಳು. ಅವಳಿಗೂ ಹಾಗೇ ಕಂಡಿತ್ತು. ಓದಿದವರೆಲ್ಲ ಮೇಲಿನಿಂದಲೇ ಓದುತ್ತಾರೆ. ಅಪ್ಪ ಕೈಬಿಟ್ಟುಹೋದ ಎಂದು ಬಿಕ್ಕಿದಳು.

"ಅಮ್ಮಣ್ಣಿ, ಏಳಿ," ಎಂದ ಬೊಮ್ಮಣ. "ವೀರಗಲ್ಲಿಗೆ ಮೊದಲು ಅನ್ನೋದು ಕೆಳಗೆ. ನಮ್ಮಪ್ಪ, ನಮ್ಮಜ್ಜ ಎಲ್ಲರೂ ಕೆಳಗಿನ ಪಟ್ಟಿಕೆಯಿಂದಲೇ ಉಳಿ ಹಿಡೀತಿದ್ರು. ವೀರ ಮೊದಲು ನೆಲದ ಮೇಲೆ ಕಾದಾಡಿ ಬೀಳ್ತಾನೆ, ಆಮೇಲೆ ಅಪ್ಸರೇರು ಎತ್ತಿಕೊಳ್ತಾರೆ, ಕೊನೆಗೆ ಮೇಲೆ ದೇವರ ಹತ್ರ ಕೂರ್ತಾನೆ. ಗಂಟೆ ಇರೋದು ಗುಡೀಲಿ."

"ಅವನ ಎದುರಿಗೆ ಯಾಕೆ ಹೇಳಲಿಲ್ಲ?"

"ಅವನು ಓದು ಬರುತ್ತಾ ಅಂತ ಕೇಳಿದ. ಕಲ್ಲು ಬರುತ್ತಾ ಅಂತ ಕೇಳಲಿಲ್ಲ."

ಆಲದ ಬುಡವನ್ನು ಜಟಿಲಾಕ್ಷ ಎರಡು ಕೈಯಲ್ಲೂ ಕೆದರುತ್ತಿದ್ದ. ಅಲ್ಲಿ ಕಂಚಲದೇವಿ ಕಾವಲಿಗೆ ಮಲಗಿಸಿದ್ದ ಹುಲಿಯಿತ್ತು. ಇನ್ನೂರು ವರ್ಷದ ನಿದ್ದೆ ಕೆಟ್ಟು ಅದು ಎದ್ದಿತು. ಅವನು ಬೂದಿ ಎರಚಿದ, ಹುಲಿ ಸೀನಿತು. ಮಂತ್ರ ಹೇಳಿದ, ಹುಲಿ ಆಕಳಿಸಿತು. ರಾಣಿಯ ಹುಲಿಗೆ ಅವನ ಮಾಟ ತಾಕುತ್ತಿರಲಿಲ್ಲ. ಅವನನ್ನು ಮೂಸಿ ನೋಡಿ, ತಿನ್ನಲು ಮನಸ್ಸಾಗದೆ, ಅವನ ಜಟೆಯ ಮೇಲೆ ಆರಾಮವಾಗಿ ಕೂತುಬಿಟ್ಟಿತು.

ಇತ್ತ ಬೊಮ್ಮಣ ಹೋತವನ್ನು ಹೆಗಲ ಮೇಲೆ ಹೊತ್ತು ಹೊಳೆಗೆ ಇಳಿದ. ನೀರು ಎದೆಮಟ್ಟ. ಹೋತ ಒದೆಯುತ್ತಿತ್ತು, ಸೂರ್ಯ ಗುಡ್ಡದ ನೆತ್ತಿಗೆ ಜಾರುತ್ತಿದ್ದ. ಏದುಸಿರು ಬಿಡುತ್ತ ಗುಡಿ ಹತ್ತಿದರು. ಗಂಟೆ ತೊಲೆಯಲ್ಲಿ ತೂಗುತ್ತಿತ್ತು, ಕಣಜದ ಹುಳು ಮಣ್ಣು ಮೆತ್ತಿ ಗೂಡು ಕಟ್ಟಿದ್ದರಿಂದ ದೊಡ್ಡ ಹೆಂಟೆಯಂತೆ ಕಾಣುತ್ತಿತ್ತು. ಅದರ ನಾಲಗೆ ಕಳಚಿ ಎಲ್ಲೋ ಬಿದ್ದುಹೋಗಿತ್ತು. ಬೊಮ್ಮಣ ಹೋತವನ್ನು ಇಳಿಸಿ, ಸೊಂಟದ ಸುತ್ತಿಗೆಯನ್ನು ನಾಗಲೆಯ ಕೈಗೆ ಕೊಟ್ಟ. ನಿಮ್ಮಪ್ಪ ತಾನೆ, ನೀವೇ ಬಾರಿಸಿ ಎಂದ. ಸೂರ್ಯನ ಅಂಚು ಮಾತ್ರ ಉಳಿದಿತ್ತು. ನಾಗಲೆ ಇದ್ದ ಬಲವನ್ನೆಲ್ಲ ಕೂಡಿಸಿ ಹೊಡೆದಳು.

ಗಂಟೆಯ ಸದ್ದು ಹೊಳೆ ದಾಟಿತು, ಕಾಡು ದಾಟಿತು, ಏಳು ಕೊತ್ತಲಗಳನ್ನೂ ದಾಟಿತು. ಅರಮನೆಯಲ್ಲಿ ಹುಂಜ ಮಂತ್ರಿಯಾಯಿತು. ಎಮ್ಮೆ ಸೇನಾಪತಿಯಾಗಿ, ಬಾಯಲ್ಲಿದ್ದ ಹುಲ್ಲನ್ನು ಯಾರಿಗೂ ಕಾಣದಂತೆ ಉಗುಳಿತು. ಮುದ್ದರಸ ಕಣಜದಿಂದ ತಲೆ ಹೊರಗೆ ಹಾಕಿ, ತಾನೇ ಗೆದ್ದವನಂತೆ ಮೀಸೆ ತಿರುವಿದ. ಆಲದ ಮರದಡಿ ಜಟಿಲಾಕ್ಷನ ಯೌವನವೂ ಮಾಟವೇ ಆಗಿದ್ದರಿಂದ ಅದೂ ಇಳಿದುಹೋಯಿತು. ಉಳಿದವನು ಹಲ್ಲಿಲ್ಲದ ಒಬ್ಬ ಮುದುಕ, ಒಂದು ಮಂತ್ರವೂ ನೆನಪಿಲ್ಲ. ಹುಲಿ ಬೇಸರಪಟ್ಟು ಎದ್ದು ಕಾಡಿಗೆ ಹೋಯಿತು. ಆ ಮುದುಕನಿಗೆ ಆಮೇಲೆ ಅರಮನೆಯಲ್ಲಿ ದಿನಕ್ಕೆರಡು ಹೊತ್ತು ಗಂಜಿಯೂ ಓಲೆಭಂಡಾರದ ಕಸ ಗುಡಿಸುವ ಕೆಲಸವೂ ಸಿಕ್ಕಿತು.

ಆದರೆ ಗುಡಿಯಲ್ಲಿ ನಾಗಲೆ ತಿರುಗಿ ನೋಡಲು ಹೆದರಿ, ಕಣ್ಣು ಮುಚ್ಚಿ ನಿಂತಿದ್ದಳು. ಗಂಟೆ ಬಾರಿಸಿದ್ದು ಸೂರ್ಯ ಮುಳುಗುವ ಮೊದಲೋ ಆಮೇಲೋ ಅವಳಿಗೆ ಗೊತ್ತಿರಲಿಲ್ಲ. ಹಿಂದೆ ಯಾರೋ ಕೆಮ್ಮಿದರು. ಆಮೇಲೆ ಒಂದು ಕೈ, ಐದು ಬೆರಳಿದ್ದ ಕೈ, ಅವಳ ತಲೆಯ ಮೇಲೆ ಬಂತು.

"ನಾಗಲೆ," ಎಂದ ಸಂಕಣ್ಣಯ್ಯ. "ಎಷ್ಟು ಒದ್ದೆಯಾಗಿದ್ದೀಯ ಮಗಳೆ. ನೆಗಡಿಯಾದೀತು."

ನಾಗಲೆ ನಗುತ್ತ ಅಳುತ್ತ ಅವನನ್ನು ತಬ್ಬಿಕೊಂಡಳು. ಬೊಮ್ಮಣ ಆಚೆ ತಿರುಗಿ, ತೊಲೆ ಗಟ್ಟಿಯಾಗಿದೆಯೋ ಎಂದು ಸುಮ್ಮಸುಮ್ಮನೆ ತಟ್ಟಿ ನೋಡುತ್ತಿದ್ದ.

ಆ ವರ್ಷವೇ ಅವರಿಬ್ಬರ ಮದುವೆಯಾಯಿತು. ನಾಗಲೆ ಬೊಮ್ಮಣನಿಗೆ ಓದು ಕಲಿಸಿದಳು, ಬೊಮ್ಮಣ ಅವಳಿಗೆ ಕಲ್ಲು ಕಲಿಸಿದ. ರಾಜ್ಯದಲ್ಲಿ ಯಾರಿಗೂ ಬಿಡಿಸಲಾಗದ ಹಳೆಯ ಬರಹ ಎಲ್ಲಿ ಸಿಕ್ಕಿದರೂ ಇಬ್ಬರಿಗೂ ಕರೆ ಬರುತ್ತಿತ್ತು. ಇಬ್ಬರೂ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು, ದಾರಿಯುದ್ದಕ್ಕೂ ಜಗಳವಾಡುತ್ತಿದ್ದರು, ಬಿಡಿಸಿಕೊಂಡೇ ಬರುತ್ತಿದ್ದರು. ಏಳುಕೊತ್ತಲದ ಜನ ಉಂಡು ತಿಂದು ನೆಮ್ಮದಿಯಾಗಿದ್ದರು, ಕೇಳಿದ ನೀವೂ ಹಾಗೇ ಇರಿ.