ಗರಗಸ ತಪ್ಪಿಸಿಕೊಂಡ ಹಾಡು

ಒಂದೇ ಸಿ.ಡಿ.ಯ ಮೇಲೆ ಎರಡು ಕೈಗಳು ಒಟ್ಟಿಗೆ ಬಿದ್ದವು.

"ಬಿಡ್ರೀ, ಮೊದಲು ನೋಡಿದ್ದು ನಾನು," ಎಂದಳು ವೆನ್‌ಲಿ.

"ನೋಡಿದವರಿಗೆಲ್ಲ ಕೊಡೋಕಾಗುತ್ತಾ? ಹಿಡ್ಕೊಂಡಿರೋದು ನಾನು," ಎಂದ ಉದ್ದಗೂದಲಿನ ಶಾನ್. ಅವನ ಇನ್ನೊಂದು ಕೈಯಲ್ಲಿ ಎಳ್ಳಿನ ಗೊಜ್ಜು ಕಲಸಿದ ನೂಡಲ್ಸ್ ಬಟ್ಟಲಿತ್ತು. ವುಹಾನ್‌ನಲ್ಲಿ ಕೂತು ತಿಂಡಿ ತಿನ್ನಲು ಯಾರಿಗೂ ಪುರುಸೊತ್ತಿಲ್ಲ, ಜಗಳಕ್ಕೆ ಮಾತ್ರ ಎಲ್ಲರಿಗೂ ಇದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲವದು. ವಿಶ್ವವಿದ್ಯಾಲಯದ ಗೇಟಿನ ಹೊರಗೆ ತಾಂಗ್ ಅಕ್ಕ ಟಾರ್ಪಾಲು ಹಾಸಿ ಕೊಯ್ದ ಆಲ್ಬಮ್‌ಗಳನ್ನು ಮಾರುತ್ತಿದ್ದಳು. ಹೊರದೇಶಗಳಲ್ಲಿ ಮಾರಾಟವಾಗದೆ ಉಳಿದ ಸಿ.ಡಿ.ಗಳ ಅಂಚನ್ನು ಗರಗಸದಿಂದ ಕೊಯ್ದು, ಗುಜರಿಯೆಂದು ಮೂಟೆ ಕಟ್ಟಿ ನಮ್ಮ ಕಡೆಗೆ ಕಳಿಸುತ್ತಿದ್ದರು. ಸಿ.ಡಿ. ಓಡುವುದು ಒಳಗಿನಿಂದ ಹೊರಗೆ. ಹಾಗಾಗಿ ಅಂಚು ಕೊಯ್ದರೆ ಹಾಳಾಗುವುದು ಕೊನೆಯ ಹಾಡು. ನಮ್ಮ ಪೀಳಿಗೆ ಸಂಗೀತ ಕಲಿತದ್ದೇ ಹೀಗೆ, ಕೊನೆಯ ಹಾಡಿಲ್ಲದೆ.

ಶಾನ್ ಸಿ.ಡಿ.ಯನ್ನು ಬಿಸಿಲಿಗೆ ಹಿಡಿದು ಕೊಯ್ತದ ಆಳ ನೋಡಿದ. "ಕೊನೇ ಹಾಡು ಸತ್ತಿದೆ. ತಗೊಳ್ಳಿ, ನೀವೇ ಇಟ್ಕೊಳ್ಳಿ."

"ನೀವೇನು ಡಾಕ್ಟ್ರಾ?"

"ಅಲ್ಲ. ಆದ್ರೆ ನನ್ನತ್ರ ಪ್ಲೇಯರ್ ಇದೆ. ನಿಮ್ಮತ್ರ?"

ವೆನ್‌ಲಿ ಸಿ.ಡಿ.ಯನ್ನು ಕಸಿದುಕೊಂಡಳು. ಅವಳ ಬಳಿ ಪ್ಲೇಯರ್ ಇರಲಿಲ್ಲ. ಮುಖಪುಟದಲ್ಲಿ ಬರಿಗಾಲಲ್ಲಿ ಕೂತು, ದೊಡ್ಡ ಪಿಟೀಲಿನಂಥ ಚೆಲೋ ನುಡಿಸುತ್ತಿದ್ದ ಹೆಂಗಸನ್ನು ನೋಡಿಯೇ ಅವಳು ಮನಸೋತಿದ್ದಳು. ತಾಂಗ್ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹಾಗೆ ಶುರುವಾಯಿತು. ಡಿಸ್ಕ್ ಅವಳದು, ಪ್ಲೇಯರ್ ಅವನದು. ಪ್ರತಿ ಭಾನುವಾರ ಇಬ್ಬರೂ ನದಿ ದಾಟುವ ದೋಣಿ ಹತ್ತಿ, ರೇಲಿಂಗಿಗೆ ಒರಗಿ, ಒಬ್ಬೊಬ್ಬರ ಕಿವಿಗೆ ಒಂದೊಂದು ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದರು. ಹೆಂಗಸು ಯಾವ ಭಾಷೆಯಲ್ಲಿ ಹಾಡುತ್ತಿದ್ದಾಳೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಆದರೂ ಹಾಡೆಂದರೆ ಹೀಗಿರಬೇಕು ಎಂದು ವೆನ್‌ಲಿಯ ಕಿವಿಗೆ ಕಲಿಸಿದ್ದು ಅದೇ ಆಲ್ಬಮ್. ಆಮೇಲೆ ಅವಳು ಎಲ್ಲ ಹಾಡಿನಲ್ಲೂ ಆ ಚೆಲೋವನ್ನೇ ಹುಡುಕಿದಳು. ಗಿಟಾರಿನ ಗದ್ದಲವೇ ಸಂಗೀತ ಎನ್ನುತ್ತಿದ್ದ ಶಾನ್ ಕೂಡ ಮೆಲ್ಲಗೆ ಮೆತ್ತಗಾದ.

ಕೊನೆಯ ಹಾಡು ಮಾತ್ರ ಅರ್ಧಕ್ಕೆ ಬಂದು ಕರಕರ ಎಂದು ನಿಲ್ಲುತ್ತಿತ್ತು. ಆಗ ಶಾನ್ ಉಳಿದದ್ದನ್ನು ತನಗೆ ತೋಚಿದಂತೆ ಗುನುಗುತ್ತಿದ್ದ. ವೆನ್‌ಲಿ ಅದಕ್ಕೆ ಬಾಲ ಎಂದು ಹೆಸರಿಟ್ಟಿದ್ದಳು. ಗರಗಸ ತಪ್ಪಿಸಿಕೊಂಡ ಪೂರ್ತಿ ಡಿಸ್ಕ್ ಹುಡುಕಿ ತರುತ್ತೇನೆ, ಒಟ್ಟಿಗೇ ಕೇಳೋಣ ಎಂದು ಅವನು ಮಾತು ಕೊಟ್ಟಿದ್ದ.

ಅವನು ಪಕ್ಕದಲ್ಲಿ ನಿಂತರೆ ಸಾಕು, ಅವಳ ಎದೆ ಢವಢವ ಎನ್ನುತ್ತಿತ್ತು. 'ಇವನಿಗೂ ಹೀಗೇ ಆಗುತ್ತಾ? ಅಥವಾ ಬರೀ ಹಾಡಿಗೋಸ್ಕರ ಬರ್ತಾನಾ?' ಕೇಳಲು ಬಾಯಿ ಬರಲಿಲ್ಲ. ಅವಳ ಬಳಿ ಒಂದು ಗುಟ್ಟೂ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ, ಸ್ವಲ್ಪ ತಾಳಿ.

ವೆನ್‌ಲಿ ಕೆಲಸ ಮಾಡುತ್ತಿದ್ದ ಬಟ್ಟೆ ಅಂಗಡಿಯ ಯಜಮಾನಿ ದೂರದ ಗುವಾಂಗ್‌ಝೌನಲ್ಲಿ ಇನ್ನೊಂದು ಅಂಗಡಿ ತೆರೆಯುವವಳಿದ್ದಳು. ಅಲ್ಲಿಗೆ ಹೋಗು ಎಂದರೆ ವೆನ್‌ಲಿ ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದಳು. ಅಲ್ಲಿ ಈ ದೋಣಿ ಎಲ್ಲಿರುತ್ತದೆ?

ಶರತ್ಕಾಲದ ಒಂದು ಮಧ್ಯಾಹ್ನ ತಾಂಗ್ ಅಕ್ಕ ಕುಂಬಳಬೀಜ ಸುಲಿಯುತ್ತ, ವಸಂತದಲ್ಲಿ ತಾನು ಶಾನ್‌ಗೆ ಕೊಟ್ಟ ಪೂರ್ತಿ ಡಿಸ್ಕ್ ಹೇಗಿದೆ, ಕೊನೆಯ ಹಾಡು ಚೆನ್ನಾಗಿದೆಯಾ ಎಂದು ವೆನ್‌ಲಿಯನ್ನು ವಿಚಾರಿಸಿದಳು.

ವೆನ್‌ಲಿ ಬೆರಳು ಮಡಚಿ ತಿಂಗಳು ಎಣಿಸಿದಳು. ವಸಂತದಲ್ಲಿ...? ಹಿಂದಿನ ಭಾನುವಾರ ಕೂಡ ಅವನು ಇನ್ನೂ ಸಿಕ್ಕಿಲ್ಲ ಎಂದು ತಲೆಯಾಡಿಸಿದ್ದ.

'ಒಬ್ಬನೇ ಕೇಳಿಬಿಟ್ಟಿದ್ದಾನೆ. ಇಲ್ಲವೇ ಬೇರೆ ಯಾರ ಜೊತೆಗೋ... ನನ್ನ ಮುಂದೆ ಬರೀ ನಾಟಕ.'

ಆ ಭಾನುವಾರ ಅವಳು ದೋಣಿ ಹತ್ತಲಿಲ್ಲ, ಮುಂದಿನ ವಾರವೂ ಹತ್ತಲಿಲ್ಲ. ಗುವಾಂಗ್‌ಝೌಗೆ ಹೋಗುತ್ತೇನೆ ಎಂದು ಯಜಮಾನಿಗೂ ತಾಂಗ್ ಅಕ್ಕನಿಗೂ ಹೇಳಿಬಿಟ್ಟಳು. ಅಂದು ಸಂಜೆ ದಿಂಬಿಗೆ ಮುಖ ಒತ್ತಿ ಅತ್ತಳು.

ತಾಂಗ್ ಅಕ್ಕನಿಂದ ವಿಷಯ ತಿಳಿದ ಶಾನ್ ಮರುದಿನ ಬೆಳಿಗ್ಗೆಯೇ ಬಟ್ಟೆ ಅಂಗಡಿಗೆ ಬಂದ. ಮುಖ ಬಾಡಿತ್ತು. ಗಲ್ಲಾದ ಮೇಲೆ ಒಂದು ಸಿ.ಡಿ. ಇಟ್ಟ, ಅದರ ಪಕ್ಕದಲ್ಲಿ ತನ್ನ ಪ್ಲೇಯರನ್ನೂ ಇಟ್ಟ.

"ಗುವಾಂಗ್‌ಝೌಗೆ ತಗೊಂಡ್ಹೋಗು. ಪೂರ್ತಿ ಕೇಳು."

ಎಸೆದುಬಿಡಬೇಕೆಂದು ವೆನ್‌ಲಿ ಡಿಸ್ಕ್ ಕೈಗೆತ್ತಿಕೊಂಡಳು. ಬೆರಳಿಗೆ ಪ್ಲಾಸ್ಟಿಕ್ ಹೊದಿಕೆ ತಗುಲಿತು. ಅದು ಒಂದಿಷ್ಟೂ ಹರಿದಿರಲಿಲ್ಲ.

"ನೀನು ಕೇಳಿಲ್ವಾ?"

"ನಿನ್ನ ಬಿಟ್ಟು ಹೇಗೆ ಕೇಳಲಿ?"

"ಮತ್ತೆ ಯಾಕೆ ಬಚ್ಚಿಟ್ಟೆ? ಇಷ್ಟು ತಿಂಗಳು?"

ಶಾನ್ ಬಟ್ಟೆಯ ಸುರುಳಿಗಳ ಕಡೆ ನೋಡುತ್ತ ನಿಂತ. "ಹಾಡು ಮುಗಿದ್ರೆ ನೀನು ಬರೋದು ನಿಲ್ಲಿಸ್ತೀಯೇನೋ ಅಂತ ಹೆದರಿಕೆ ಆಯ್ತು. ನೀನು ಬರ್ತಿದ್ದದ್ದು ಹಾಡಿಗೋಸ್ಕರ. ನಾನು ಬರ್ತಿದ್ದದ್ದು ನಿನಗೋಸ್ಕರ."

ವೆನ್‌ಲಿಯ ಕಣ್ಣು ತುಂಬಿ ಬಂತು. ಗಲ್ಲಾದ ಕೆಳಗಿನ ಡ್ರಾಯರ್ ಎಳೆದು, ಬಟ್ಟೆಯ ತುಂಡಿನಲ್ಲಿ ಸುತ್ತಿದ್ದ ಒಂದು ವಸ್ತುವನ್ನು ತೆಗೆದು ಅವನ ಮುಂದಿಟ್ಟಳು. ಅದೂ ಒಂದು ಪ್ಲೇಯರ್.

ಇದೇ ಆ ಗುಟ್ಟು. ಕಳೆದ ಚಳಿಗಾಲದಲ್ಲೇ ಅವಳು ಸಂಬಳ ಕೂಡಿಟ್ಟು ಅದನ್ನು ಕೊಂಡಿದ್ದಳು.

"ಯಾವಾಗಿಂದ ಇದೆ ಇದು?" ಶಾನ್ ಬೆಪ್ಪಾಗಿ ಕೇಳಿದ.

"ನಿನ್ನ ಡಿಸ್ಕ್‌ಗಿಂತ ಮೊದಲಿಂದ. ಇದು ನನ್ನತ್ರ ಇದೆ ಅಂತ ಗೊತ್ತಾದ್ರೆ ನೀನು ದೋಣಿಗೆ ಬರಲ್ವೇನೋ ಅಂತ... ಪೆದ್ದ, ಬರೀ ಹಾಡು ಬೇಕಿದ್ರೆ ನಾನು ಮನೇಲೇ ಕೂತು ಕೇಳ್ತಿರಲಿಲ್ವಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು, ಆಮೇಲೆ ಅವಳು ಕಣ್ಣೊರೆಸಿಕೊಂಡಳು. ಗುವಾಂಗ್‌ಝೌಗೆ ಬೇರೆಯವರನ್ನು ಕಳಿಸಿ ಎಂದು ಇವತ್ತೇ ಯಜಮಾನಿಗೆ ಹೇಳುತ್ತೇನೆ ಎಂದಳು. ಆಮೇಲೆ ಹೊದಿಕೆ ಹರಿದು, ಒಂದು ಇಯರ್‌ಫೋನನ್ನು ಅವನ ಕಿವಿಗೆ ತಾನೇ ಸಿಕ್ಕಿಸಿದಳು.

ಕೊನೆಯ ಹಾಡು ಶುರುವಾಯಿತು. ಕರಕರ ಎನ್ನುತ್ತಿದ್ದ ಜಾಗ ಹತ್ತಿರ ಬಂದಾಗ ಇಬ್ಬರೂ ಉಸಿರು ಬಿಗಿಹಿಡಿದರು. ಹಾಡು ನಿಲ್ಲದೆ ಮುಂದೆ ಸಾಗಿತು. ಹೆಂಗಸಿನ ದನಿ ಇಳಿಯಿತು, ಚೆಲೋ ಮಾತ್ರ ಸ್ವಲ್ಪ ಹೊತ್ತು ನುಡಿಯಿತು, ಅಷ್ಟಕ್ಕೇ ಮುಗಿಯಿತು.

"ಇಷ್ಟೇನಾ?" ಎಂದ ಶಾನ್.

"ಚೆನ್ನಾಗಿದೆ," ಎಂದು ವೆನ್‌ಲಿ ಅವನ ಭುಜಕ್ಕೆ ತಲೆಯಾನಿಸಿದಳು. "ಆದ್ರೆ ನಿನ್ನ ಬಾಲವೇ ಇದಕ್ಕಿಂತ ಚೆನ್ನಾಗಿತ್ತು."

"ಹಾಗಾದ್ರೆ ಭಾನುವಾರ...?"

"ಕೊಯ್ದಿರೋದನ್ನೇ ತಗೊಂಡು ಬರ್ತೀನಿ. ಅದು ನಿಂತಾಗ ನೀನು ಹಾಡ್ಬೇಕು."