ಬಂದನೋ, ಬಂದಳೋ

"ಬಂದನಾ, ಬಂದಳಾ?" ಅಲ್ಸು ಪೆನ್ಸಿಲ್ಲನ್ನು ತುಟಿಗೊತ್ತಿಕೊಂಡು ಕೇಳಿದಳು.

ಮೆರುಯೆರ್ತ್ ಚಹಾಕ್ಕೆ ಹಾಲು ಬೆರೆಸಿದಳು. ಕಜಕ್ ಭಾಷೆಯಲ್ಲಿ ಈ ತಾಪತ್ರಯವಿಲ್ಲ. ಅವನಿಗೂ 'ಓಲ್', ಅವಳಿಗೂ 'ಓಲ್'. ಆ ಪುಟ್ಟ ಪದದ ಮರೆಯಲ್ಲಿ ಕೂತೇ ಅವಳು ನಾಲ್ಕು ಕಾದಂಬರಿ ಬರೆದು ಹೆಸರು ಮಾಡಿದ್ದಳು. ಅಪ್ಪ ಕಜಕ್, ಅಮ್ಮ ಕೊರಿಯನ್. ಎರಡೂ ಕಡೆಯವರು ನಮ್ಮ ಹುಡುಗಿ ಎಂದು ಬೀಗುತ್ತಿದ್ದರು. ಪುಸ್ತಕದೊಳಗಿನ ಪ್ರೇಮಿ ಯಾರೆಂದು ಒಬ್ಬರೂ ಕೇಳಿರಲಿಲ್ಲ. ಗಂಡಸೇ ಇರಬೇಕೆಂದು ತಮ್ಮಷ್ಟಕ್ಕೆ ತಿಳಿದುಕೊಂಡಿದ್ದರು.

ಈಗ ಅಲ್ಮಾಟಿಯ ರಂಗಮಂದಿರವೊಂದು ಅವಳ ನಾಟಕವನ್ನು ರಷ್ಯನ್‌ನಲ್ಲಿ ಆಡಿಸಲು ಒಪ್ಪಿತ್ತು. ರಷ್ಯನ್ ನಮ್ಮ ಕನ್ನಡದಷ್ಟೇ ಹಟಮಾರಿ. ಬಂದದ್ದು ಗಂಡೋ ಹೆಣ್ಣೋ ಹೇಳಿಸದೆ ಬಿಡುವುದಿಲ್ಲ. ಅನುವಾದಕ್ಕೆ ಕೂತವಳು ಅಲ್ಸು. ನಾಟಕದ ಪ್ರೇಮಿಯೂ ಅವಳೇ.

"ಹೇಳೇ ಮೇರು. ಕಿಟಕಿ ಹತ್ರ ಕೂದಲು ಒಣಗಿಸ್ಕೊಳ್ತಾ ನಿನ್ನ ನೋಡಿ ನಕ್ಕಿದ್ದು ಯಾರು?"

"ನಿಂಗೆ ಗೊತ್ತಿಲ್ವಾ?"

"ನಂಗೆ ಗೊತ್ತು. ಊರಿಗೆ ಗೊತ್ತಿಲ್ಲ." ಅಲ್ಸು ಓರೆಗಣ್ಣಲ್ಲಿ ನೋಡಿ ನಕ್ಕಳು. ನಕ್ಕರೆ ಅವಳಿಗೆ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಅದನ್ನು ಕಂಡಾಗಲೆಲ್ಲ ಮೇರುವಿಗೆ ಎದೆ ಝಲ್ಲೆನ್ನುತ್ತಿತ್ತು.

"ಬಂದನು ಅಂತಲೇ ಬರಿ. ಇಲ್ಲಾಂದ್ರೆ ನಾಟಕ ನಿಲ್ಲಿಸ್ತಾರೆ. ಅಮ್ಮ ಮನೆಗೆ ಸೇರಿಸಲ್ಲ."

ಗುಳಿ ಮಾಯವಾಯಿತು. "ಬರೀತೀನಿ. ಆದ್ರೆ ಇನ್ನೆಷ್ಟು ದಿನ ಗಂಡಸಾಗಿರ್ಲಿ ನಾನು? ರಷ್ಯಾದ ಕಜಾನ್‌ನಿಂದ ಅಕ್ಕ ಕರೀತಿದಾಳೆ. ಇದನ್ನ ಮುಗಿಸಿ ಹೊರಟುಬಿಡ್ತೀನಿ."

ಹೋಗಬೇಡವೆನ್ನಲು ಮೇರುವಿಗೆ ಬಾಯಿ ಬರಲಿಲ್ಲ. ಅಲ್ಲಿಂದಾಚೆ ಊಟ ಸೇರಲಿಲ್ಲ. ಅಮ್ಮ ಮಾಡಿಟ್ಟ ತಣ್ಣನೆಯ ಕುಕ್ಸಿಯಲ್ಲಿ ಶ್ಯಾವಿಗೆಯ ಎಳೆಗಳನ್ನು ಸುಮ್ಮನೆ ಕಲಕುತ್ತ ಕೂರುತ್ತಿದ್ದಳು.

"ಯಾರೇ ಅವನು, ನಿನ್ನ ಹೀಗೆ ಸೊರಗಿಸ್ತಿರೋನು?" ಅಮ್ಮ ರಷ್ಯನ್‌ನಲ್ಲಿ ಕೇಳಿದಳು.

ಅಮ್ಮನ ಬಾಯಲ್ಲೂ ಅವನೇ. ಮೇರುವಿಗೆ ಅಳು ಒತ್ತರಿಸಿ ಬಂತು.

ರಂಗಮಂದಿರದಲ್ಲಿ ನಾಟಕದ ಮೊದಲ ಓದಿನ ದಿನ ಅಮ್ಮ ಹೊಸ ಶಾಲು ಹೊದ್ದು ಮುಂದೆ ಕೂತಿದ್ದಳು. ಅಲ್ಸು ಹಿಂದಿನ ಬಾಗಿಲ ಬಳಿ ನಿಂತಿದ್ದಳು. ನಟಿ ಗಂಟಲು ಸರಿಮಾಡಿಕೊಂಡು ಓದಿದಳು: "ಅವನು ಬಂದನು. ನನ್ನನ್ನು ನೋಡಿ ನಕ್ಕನು."

ಬದುಕಿರುವವಳನ್ನು ತಾನೇ ಹೂತುಹಾಕಿದ ಹಾಗಾಯಿತು ಮೇರುವಿಗೆ. ಅವಳು ಎದ್ದು ನಿಂತಳು.

"ಬಂದಳು. ನಕ್ಕಳು."

ನಿರ್ದೇಶಕ ಕೈರಾತ್ ಕನ್ನಡಕ ಕೆಳಗಿಳಿಸಿದರು. "ಟೈಪಿಂಗ್ ತಪ್ಪೇನಮ್ಮಾ?"

"ಅಲ್ಲ ಕೈರಾತ್ ಅಗಾ, ನನ್ನ ತಪ್ಪು. ಅವಳು ಹೆಣ್ಣು. ನಾನು ಪ್ರೀತಿಸ್ತಿರೋಳು. ನನ್ನ ಎಲ್ಲ ಪುಸ್ತಕದಲ್ಲೂ ಇರೋದು ಅವಳೇ."

ಯಾರೋ ಕೆಮ್ಮಿದರು. ಕೈರಾತ್ ಸ್ಕ್ರಿಪ್ಟ್ ಮುಚ್ಚಿಟ್ಟರು. "ಹಾಗಾದ್ರೆ ನಾನಿದನ್ನ ಆಡಿಸೋಕಾಗಲ್ಲ. ನಂಗೂ ಮೇಲಿನವರಿದಾರೆ, ಮಗಳೇ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅಮ್ಮ ಮಗಳ ಕಡೆ ನೋಡದೆ ಎದ್ದು ಹೊರಟುಹೋದಳು.

ಒಬ್ಬೊಬ್ಬರಾಗಿ ಎಲ್ಲರೂ ಮೊಗಸಾಲೆಗೆ ಹೋಗಿ ಗುಸುಗುಸು ಶುರುಮಾಡಿದರು. ಮೇರು ಹಿಂದೆ ತಿರುಗಲು ಹೆದರಿ ಹಾಗೇ ನಿಂತಿದ್ದಳು. ಅಲ್ಸುವೂ ಹೋಗಿಬಿಟ್ಟಿದ್ದರೆ ಇನ್ನು ಯಾರಿದ್ದಾರೆ? ಅಷ್ಟರಲ್ಲಿ ಭುಜದ ಮೇಲೆ ಕೈಯೊಂದು ಬಿತ್ತು.

"ಹುಚ್ಚಿ, ನನ್ನೊಬ್ಬಳ ಹತ್ರ ಹೇಳಿದ್ರೆ ಸಾಕಾಗ್ತಿತ್ತಲ್ಲೇ."

"ನಾಟಕ ಹೋಯ್ತು, ಅಲ್ಸು."

"ಹೋಗ್ಲಿ."

"ಅಮ್ಮನೂ ಹೋದ್ಲು."

"ನಾನು ಹೋಗಿಲ್ಲ."

ಮೇರು ಅವಳ ಕೈ ಹಿಡಿದುಕೊಂಡಳು. ಹಾಗೆಯೇ, ಬಿಡದೆ, ಮೊಗಸಾಲೆಯಲ್ಲಿ ನಿಂತವರೆಲ್ಲರ ನಡುವೆ ಹಾದು ಹೊರಗೆ ನಡೆದಳು.